ಇಪ್ಪತ್ತೊಂಬತ್ತನೆಯ ತಟ್ಟೆ

ಬಿಸಿಲೆಣಿಕೆ ತೊಂಬತ್ತೆರಡು, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ
ಶಹಾಬಾದಿನ ಹತ್ತಿರದ ಮೂರನೆಯ ಗಣಿ

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಸೂಲಗಿತ್ತಿ ಗುರುಬಾಯಿಯ ನಮಸ್ಕಾರಗಳು.

ಹದಿಮೂರನೆಯ ತಿಂಗಳು ಎಂದದ್ದು ಕೈತಪ್ಪಲ್ಲ. ಬಿಸಿಲೆಣಿಕೆ ಎಂಬ ನಮ್ಮ ಕಾಲಗಣನೆಯಲ್ಲಿ ವರ್ಷದ ಕೊನೆಯ ಇಪ್ಪತ್ತೆಂಟು ದಿನಗಳಿಗೆ ಮುಚ್ಚುಗಾಲ ಎಂದು ಹೆಸರು. ಆ ದಿನಗಳ ಸುಡು ಬಿಸಿಲಿಗೆ ಯಾರೂ ಗಣಿಯಿಂದ ಮೇಲೆ ಹತ್ತುವುದಿಲ್ಲ; ಹತ್ತಿದವರು ಮರಳಿ ಬಂದದ್ದು ಕಡಿಮೆ. ನೀವು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕಡಿದು ಬಿಟ್ಟುಹೋದ ಹೊಂಡಗಳಲ್ಲಿ, ಮೇಲೆ ಚಪ್ಪಡಿ ಹೊದಿಸಿಕೊಂಡು ನಾವು ಬದುಕಿದ್ದೇವೆ. ನನ್ನ ಮಾತು ನಿಮಗೆ ಒರಟಾಗಿ ಕೇಳಿದರೆ ಕ್ಷಮಿಸಬೇಕು.

ನಾಲ್ಕು ವರ್ಷದ ಹಿಂದೆ ನನ್ನ ತಂಗಿ ಜಗದೇವಿ ಬಸುರಿಯಾಗಿದ್ದಳು. ಎಂಟನೆಯ ತಿಂಗಳಲ್ಲಿ ಹೊಟ್ಟೆ ಮುಟ್ಟಿ ನೋಡಿದಾಗ ಕೂಸು ಅಡ್ಡ ಮಲಗಿತ್ತು. ಅಡ್ಡ ಇರುವ ಕೂಸನ್ನು ತಿರುಗಿಸಲು ಬಲ್ಲವಳು ನನ್ನ ಗುರು ಅಂಬವ್ವ ಒಬ್ಬಳೇ. ಅದನ್ನು ನನಗೆ ಕಲಿಸುವ ಮೊದಲೇ ಅವಳು ತೀರಿಕೊಂಡಿದ್ದಳು. ಡಾಕ್ಟರು ಇರುವ ಊರು ಹನ್ನೊಂದು ದಿನದ ನಡಿಗೆ. ಜಗದೇವಿಗೆ ಅಷ್ಟು ನಡೆಯಲು ಆಗುತ್ತಿರಲಿಲ್ಲ, ಮುಚ್ಚುಗಾಲವೂ ಹತ್ತಿರ ಬಂದಿತ್ತು.

ನಮ್ಮ ಉಗ್ರಾಣದಲ್ಲಿ ನಿಮ್ಮ ಕಾಲದ ಒಂದು ಪೆಟ್ಟಿಗೆ ಇತ್ತು. ಅದರಲ್ಲಿ ನೀವು ಡಿವಿಡಿ ಎನ್ನುತ್ತಿದ್ದ, ನಾವು ಮಿಂಚುತಟ್ಟೆ ಎನ್ನುವ, ಮೂವತ್ತಾರು ತಟ್ಟೆಗಳಿದ್ದವು. ನರ್ಸುಗಳಿಗೆ ಪಾಠ ಹೇಳುವ ಒಂದು ತಟ್ಟೆ ಅದರೊಳಗಿದೆ ಎಂದು ಅಂಬವ್ವ ಹೇಳುತ್ತಿದ್ದಳು. ಯಾವುದು ಎಂದು ಅವಳಿಗೂ ಗೊತ್ತಿರಲಿಲ್ಲ. ಒಂದರ ಮೇಲೂ ಏನೂ ಬರೆದಿರಲಿಲ್ಲ.

ನೀರಿನ ಪಂಪು ರಿಪೇರಿ ಮಾಡುವ ಲಾಲೆಸಾಬನನ್ನು ಕರೆದೆ. ಅವನು ತಟ್ಟೆ ಓಡಿಸುವ ಪ್ಲೇಯರನ್ನೂ ಒಂದು ಹಳೆಯ ಟಿವಿಯನ್ನೂ ಹೊರಗೆಳೆದು, ಧೂಳು ಝಾಡಿಸಿ, ಮೂರು ದಿನ ಅವುಗಳ ಮುಂದೆ ಕೂತ. ಹೇಗೆ ಜೋಡಿಸಬೇಕೆಂದು ಬರೆದ ಪುಸ್ತಕ ಹಿಂದೆಂದೋ ಒಲೆಗೆ ಹೋಗಿತ್ತು. ಹಳದಿ ತಂತಿಯನ್ನು ಹಳದಿ ತೂತಿಗೆ, ಕೆಂಪನ್ನು ಕೆಂಪಿಗೆ, ಬಿಳಿಯದನ್ನು ಬಿಳಿಗೆ ಸಿಕ್ಕಿಸಿದ. ಟಿವಿ ಬರೀ ನೀಲಿಯಾಗಿ ನಿಂತಿತು. ಕೊನೆಗೆ ಅದರ ಬೆನ್ನಿನಲ್ಲಿದ್ದ ಸಣ್ಣ ಗುಂಡಿಯೊಂದನ್ನು ಒತ್ತಿದಾಗ ಚಿತ್ರ ಬಂತು, ಹಿಂದೆಯೇ ದನಿ ಬಂತು. ನಮ್ಮ ಮೂವರಲ್ಲಿ ಜಗದೇವಿಯೊಬ್ಬಳೇ ಚಪ್ಪಾಳೆ ತಟ್ಟಿದಳು.

"ರಿಮೋಟ್ ಇಲ್ಲ, ಗುರಬಾಯಕ್ಕಾ," ಎಂದ ಲಾಲೆಸಾಬ. "ಮುಂದಕ್ಕ ಹಾರಿಸಾಕ ಬರಲ್ಲ. ಮೊದ್ಲಿಂದ ಹೆಂಗ ಬರ್ತದೋ ಹಂಗೇ ನೋಡ್ಬೇಕು."

ಬಿಸಿಲುಹಲಗೆಯ ವಿದ್ಯುತ್ತೆಲ್ಲ ಪಂಪಿಗೆ ಹೋಗುತ್ತಿದ್ದುದರಿಂದ ನಮಗೆ ದಿನಕ್ಕೆ ಅರ್ಧ ತಾಸು ಸಿಕ್ಕಿತು, ಅಂದರೆ ದಿನಕ್ಕೊಂದು ತಟ್ಟೆ. ಮದುವೆಗಳನ್ನು ನೋಡಿದೆವು. ಸೈಕಲ್ ಅಂಗಡಿಯ ಉದ್ಘಾಟನೆ ನೋಡಿದೆವು. ಯಾರದೋ ಮಗು ಕೇಕನ್ನು ಮುಖಕ್ಕೆ ಬಳಿದುಕೊಂಡದ್ದನ್ನು ನೋಡಿ ಜಗದೇವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನಾನು ದಿನ ಎಣಿಸುತ್ತಿದ್ದೆ.

ಮುಚ್ಚುಗಾಲದ ಎರಡನೆಯ ದಿನ ಮಧ್ಯಾಹ್ನ ಇಪ್ಪತ್ತೊಂಬತ್ತನೆಯ ತಟ್ಟೆ ತೆಗೆದೆ. ಅದಕ್ಕೆ ಜಿಡ್ಡು ಮೆತ್ತಿತ್ತು. ಲಾಲೆಸಾಬ ಇನ್ನೂ ಬಂದಿರಲಿಲ್ಲ. ನಾನು ಬೂದಿ ಮುಟ್ಟಿಸಿದ ಬಟ್ಟೆಯಿಂದ, ಪಾತ್ರೆ ತಿಕ್ಕುವ ಹಾಗೆ, ದುಂಡಗೆ ಗಟ್ಟಿಯಾಗಿ ಉಜ್ಜಿದೆ. ನಡುವಿನಿಂದ ಅಂಚಿನ ಕಡೆಗೆ, ಮೆತ್ತನೆಯ ಬಟ್ಟೆಯಿಂದ ಒರೆಸಬೇಕಂತೆ. ಅದು ನನಗೆ ಆಮೇಲೆ ತಿಳಿಯಿತು.

ಅದೇ ಪಾಠದ ತಟ್ಟೆ. ಬಿಳಿ ಸೀರೆಯ ಹೆಂಗಸೊಬ್ಬಳು ಬಟ್ಟೆಯ ಗೊಂಬೆ ಹಿಡಿದು ಕನ್ನಡದಲ್ಲಿ ಮಾತಾಡಿದಳು. ಒಂದು ಕೈ ಕೂಸಿನ ತಲೆಯ ಮೇಲೆ, ಇನ್ನೊಂದು ಅದರ ಕುಂಡಿಯ ಮೇಲೆ; ಅವಸರ ಬೇಡ, ಹೊಟ್ಟೆ ಬಿಗಿದಾಗ ನಿಲ್ಲಿಸಿ, ಸಡಿಲಾದಾಗ ಒತ್ತಿ. ನಾನು ಜಗದೇವಿಯ ಹೊಟ್ಟೆಯ ಮೇಲೆ ಕೈಯಿಟ್ಟು, ಟಿವಿಯೊಳಗಿನವಳ ಜೊತೆಗೇ ಕಲಿತೆ. ಕೊನೆಯಲ್ಲಿ ಆ ಹೆಂಗಸು ಗೊಂಬೆಯನ್ನು ಕೆಳಗಿಟ್ಟು ನಮ್ಮನ್ನೇ ನೋಡಿ ಹೇಳಿದಳು: "ಆದರೆ ಇದನ್ನು ಯಾವ ಕಾರಣಕ್ಕೂ ಮಾಡಬಾರದು, ಯಾವಾಗ ಅಂದರೆ..."

ಚಿತ್ರ ಚೂರುಚೂರಾಗಿ ನಿಂತುಬಿಟ್ಟಿತು. ಲಾಲೆಸಾಬ ಬಂದು ತಟ್ಟೆ ತೆಗೆದು ಬೆಳಕಿಗೆ ಹಿಡಿದ. ನನ್ನ ಬಟ್ಟೆಯ ಗೀರುಗಳು ಸುತ್ತುಸುತ್ತಾಗಿ ಹೊಳೆದವು. ಮತ್ತೆ ಹಾಕಿದ, ಮರುದಿನವೂ ಹಾಕಿದ. ಪ್ರತಿ ಸಲವೂ ಅವಳು ಅಲ್ಲಿಗೇ ನಿಂತಳು.

"ಯಾವಾಗ ಮಾಡಬಾರ್ದಂತ ಗೊತ್ತಿಲ್ದೆ ನಾ ಕೈ ಹಚ್ಚಲ್ಲ," ಎಂದೆ.

"ಹಚ್ಚಲಿಲ್ಲಂದ್ರ ಏನಾಗ್ತದ, ಯಕ್ಕಾ?" ಎಂದಳು ಜಗದೇವಿ.

ಕೂಸು ಅಡ್ಡವೇ ಉಳಿದರೆ ಇಬ್ಬರೂ ಹೋಗುತ್ತಾರೆಂದು ಅವಳಿಗೂ ಗೊತ್ತಿತ್ತು.

"ಹಂಗಾರ ಹಚ್ಚು. ನಿನ್ ಕೈ ಅದ, ನನಗ ಅಂಜಿಕಿಲ್ಲ."

ಅದಕ್ಕೆ ಒಂದು ವಾರ ಮೊದಲು ಅವಳಿಗೆ ಒಂಚೂರು ರಕ್ತ ಕಂಡಿತ್ತು. ತಾನಾಗಿಯೇ ನಿಂತಿತು, ನಾವು ಮರೆತಿದ್ದೆವು. ಮುರಿದುಹೋದ ಆ ಮಾತು ಅದೇ ಇರಬಹುದೇ ಎಂದು ಈಗ ಯೋಚಿಸುತ್ತೇನೆ.

ನಾನು ತಿರುಗಿಸಿದೆ. ಕೂಸು ನನ್ನ ಅಂಗೈಯಡಿ ಮೆಲ್ಲಗೆ ಹೊರಳಿ ತಲೆ ಕೆಳಗಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಸ್ವಲ್ಪ ಹೊತ್ತಿಗೆಲ್ಲ ಅವಳ ಹೊಟ್ಟೆ ಕಲ್ಲಿನಂತೆ ಬಿಗಿಯಿತು, ರಕ್ತ ಹರಿಯಿತು. ನೋವು ಒಂದರ ಮೇಲೊಂದು ಬಂದು ಹೆಣ್ಣು ಕೂಸು ಹುಟ್ಟಿತು. ಅಳು ಕೇಳಿ ಜಗದೇವಿ, "ತೋರ್ಸು," ಎಂದಳು. ತೋರಿಸಿದೆ. ರಕ್ತ ಮಾತ್ರ ನಿಲ್ಲಲಿಲ್ಲ. ಬಿಸಿಲು ಇಳಿಯುವ ಮೊದಲೇ ಅವಳು ಹೋದಳು. ಮುಚ್ಚುಗಾಲವಾದ್ದರಿಂದ ಮೇಲೆ ಒಯ್ಯಲಾಗದೆ ಗಣಿಯ ಹಿಂಬದಿಯಲ್ಲೇ ಮಣ್ಣು ಮಾಡಿದೆವು. ಆ ಹುಡುಗಿ ನನ್ನನ್ನೇ ಅವ್ವಾ ಎನ್ನುತ್ತಾಳೆ. ಗೀರಿನ ಸಂಗತಿಯನ್ನು ನಾನು ಗಣಿಯವರಿಗೆಲ್ಲ ಹೇಳಿದ್ದೇನೆ, ಅವಳಿಗೆ ಇನ್ನೂ ಹೇಳಿಲ್ಲ.

ಈಗ ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ. ಲಾಲೆಸಾಬನ ಮೊಮ್ಮಗಳು ಶಮೀನಾಳಿಗೆ ಒಂಬತ್ತು ತಿಂಗಳು. ನಿನ್ನೆ ಹೊಟ್ಟೆ ಮುಟ್ಟಿ ನೋಡಿದೆ. ಅವಳ ಕೂಸೂ ಅಡ್ಡ ಇದೆ. ಲಾಲೆಸಾಬ ನಮ್ಮ ಬಾಗಿಲಲ್ಲಿ ಬಂದು ಕೂತಿದ್ದಾನೆ, ಅಷ್ಟೇ.

ಹಿರಿಯರೇ, ಆ ಬಿಳಿ ಸೀರೆಯ ಹೆಂಗಸು ನಿಮ್ಮ ನಡುವೆ ಇದ್ದಾಳೆ. ಬಲಗೆನ್ನೆಯ ಮೇಲೆ ಮಚ್ಚೆಯಿದೆ, ಮಾತಾಡುವಾಗ ಕನ್ನಡಕ ಸರಿಪಡಿಸಿಕೊಳ್ಳುತ್ತಾಳೆ. ಈ ಕಾಗದ ಹೇಗಾದರೂ ನಿಮಗೆ ಮುಟ್ಟಿದರೆ ಅವಳನ್ನು ಹುಡುಕಿ, ಯಾವಾಗ ಮಾಡಬಾರದು ಎಂದು ಕೇಳಿ. ಅವಳು ಹೇಳಿದ್ದನ್ನು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಆ ತಟ್ಟೆಯ ಜೊತೆ ಇಡಿ; ನೀವು ಅಂದು ಇಟ್ಟದ್ದು ಇಂದು ನಮ್ಮ ಪೆಟ್ಟಿಗೆಯಲ್ಲಿ ಸಿಗಬೇಕು. ಪೆಟ್ಟಿಗೆಯ ತಳವನ್ನು ಇವತ್ತು ಬೆಳಿಗ್ಗೆ ಮತ್ತೊಮ್ಮೆ ನೋಡಿದೆ, ಏನೂ ಇರಲಿಲ್ಲ. ನಾಳೆಯೂ ನೋಡುತ್ತೇನೆ. ನಾಡಿದ್ದರ ಆಚೆಗೆ ಶಮೀನಾಳಿಗೆ ಸಮಯವಿಲ್ಲ.

ಗುರುಬಾಯಿ