ಲೇಕಿ ಅಣ್ಣನ ಹೆಂಡತಿ

ಅಮ್ಮಾ,

ನೀನಿಲ್ಲದ ದಿಲಿಯಲ್ಲಿ, ನಮ್ಮ ಪುಟ್ಟ ದ್ವೀಪದೇಶದ ಈ ರಾಜಧಾನಿಯಲ್ಲಿ, ನನಗೊಂದು ಘನವಾದ ಹುದ್ದೆ ಸಿಕ್ಕಿದೆ. ದೇಶದ ಸಾರ್ವಭೌಮತ್ವದ ಬಗ್ಗೆ ತೆಗೆದ ಸಾಕ್ಷ್ಯಚಿತ್ರದಲ್ಲಿ ಎಲ್ಲರಿಗೂ ಜಾಗ ಸಿಕ್ಕಿದೆಯೇ ಎಂದು ಪರಿಶೀಲಿಸುವ ಸಮಿತಿಯಲ್ಲಿ ನಾನೂ ಒಬ್ಬಳು. ಬೆಟ್ಟದವರಿದ್ದರು, ಕಡಲ ತಡಿಯವರಿದ್ದರು, ಎಮ್ಮೆಗಳಿಗೂ ಸಾಕಷ್ಟು ಪ್ರಾತಿನಿಧ್ಯವಿತ್ತು. ಹೆಂಗಸರು ಮಾತ್ರ ಇರಲಿಲ್ಲ.

ನೀನಿದ್ದೆ, ಆದರೆ ಗಂಡಸಾಗಿ. ಪರದೇಶದ ಸೈನ್ಯದ ಕಣ್ಣು ತಪ್ಪಿಸಿ ಕಾಡಿನ ಹೋರಾಟಗಾರರಿಗೆ ಸುದ್ದಿ ಒಯ್ಯುವಾಗ ನೀನಿಟ್ಟುಕೊಂಡಿದ್ದ ಗುಪ್ತನಾಮ ‘ಲೇಕಿ ಅಣ್ಣ’. ಆ ಹೆಸರಿಗೆ ನಿರ್ದೇಶಕ ಜನುವಾರಿಯೊ ಎಂಬಾತ ಮೀಸೆ ಅಂಟಿಸಿ, ಒಬ್ಬ ನಟನನ್ನು ಬೆಟ್ಟ ಹತ್ತಿಸಿದ್ದ.

“ಲೇಕಿ ಅಣ್ಣ ಅಂದ್ರೆ ನಮ್ಮಮ್ಮ ಕಣ್ರೀ,” ಎಂದೆ.

“ಸಾಕ್ಷಿ ಏನಿದೆ, ಅಕ್ಕಾ?”

ಮನೆಯವರ ಮಾತು ಸಾಕ್ಷಿಯಲ್ಲವಂತೆ; ಗೊತ್ತಿದ್ದ ಉಳಿದವರೆಲ್ಲ ಕಾಡಿನಲ್ಲೇ ಸತ್ತರು. ಗುಟ್ಟನ್ನು ನೀನು ಅಷ್ಟು ಚೆನ್ನಾಗಿ ಕಾಪಾಡಿದ್ದೀಯ.

“ಹೆಂಗಸ್ರು ತಾನೇ ಬೇಕು? ಒಬ್ಬಳನ್ನ ಹಾಕ್ತೀನಿ ಬಿಡಿ,” ಎಂದ. ಹಾಕಿದ. ಲೇಕಿ ಅಣ್ಣನ ಹೆಂಡತಿಯನ್ನು. ಬಾಗಿಲಲ್ಲಿ ನಿಂತು ಬಹಳ ಸೊಗಸಾಗಿ ಅಳುತ್ತಾಳೆ. ಸಮಿತಿ ತೃಪ್ತಿ ವ್ಯಕ್ತಪಡಿಸಿತು.

ನಿನ್ನೆ ಮೊದಲ ಪ್ರದರ್ಶನ. ಅಪ್ಪನನ್ನೂ ಕರೆದೊಯ್ದಿದ್ದೆ.

“ಯಾರೇ ಅವಳು? ನಿಮ್ಮಮ್ಮ ನಂಗೊಂದು ಮಾತೂ ಹೇಳ್ದೆ ಇನ್ನೊಂದು ಮದ್ವೆ ಆಗಿದ್ಳಾ?” ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಕೊನೆಗೆ ಸಭಾಂಗಣವೆಲ್ಲ ಎದ್ದುನಿಂತು ಲೇಕಿ ಅಣ್ಣನಿಗೆ ಚಪ್ಪಾಳೆ ತಟ್ಟಿತು. ಅಪ್ಪ ತೆರೆಯತ್ತ ಕೈ ತೋರಿಸಿ, ಪಕ್ಕದಲ್ಲಿದ್ದ ಹುಡುಗಿಗೆ, “ನನ್ನ ಹೆಂಡ್ತಿ ಕಣಮ್ಮಾ,” ಎಂದರು.

ಅವಳ ಕಣ್ಣು ತುಂಬಿತು. “ಹೌದಾ ಅಜ್ಜಾ? ಪಾಪ, ಬಾಗಿಲಲ್ಲಿ ನಿಂತು ಎಷ್ಟು ಅತ್ತಿದ್ದಾರೋ!”

ಅಪ್ಪ ನನ್ನ ಮುಖ ನೋಡಿದರು. ನಾನು ಚಪ್ಪಾಳೆ ತಟ್ಟುತ್ತಲೇ ಇದ್ದೆ.