ಗೋಡೆಯಿಲ್ಲದ ಮನೆಯ ಹೊಸ್ತಿಲು

ಗುಲ್ಬರ್ಗಾ, ೧೪-೨-೧೯೮೮

ಅಕ್ಕನಿಗೆ ನಮಸ್ಕಾರ.

ನಾನು ನಕ್ಷೆ ಬರೆದುಕೊಟ್ಟ ಕಮಲಾಪುರದ ತುಂಗಾಬಾಯಿಯವರ ಮನೆಗೆ ಬಾಗಿಲ ಚೌಕಟ್ಟು ನಿಲ್ಲಿಸಿದ್ದಾರೆ. ಗೋಡೆ ಇನ್ನೂ ಒಂದು ಇಟ್ಟಿಗೆಯಷ್ಟೂ ಎದ್ದಿಲ್ಲ. ಪಾಯದ ಮೇಲೆ ಚೌಕಟ್ಟೊಂದೇ ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿದೆ. ನೆಲ ತಡೆಯಿಲ್ಲದೆ ಸಾಗಲಿ ಎಂದು ನಾನು ನಕ್ಷೆಯಲ್ಲಿ ಬೇಕೆಂದೇ ಕೈಬಿಟ್ಟಿದ್ದ ಹೊಸ್ತಿಲು ಅದರಲ್ಲಿ ನಾಲ್ಕು ಬೆರಳು ಎತ್ತರಕ್ಕೆ ಕೂತಿದೆ. ಅದನ್ನು ಈಗಲೇ ಕೊಯ್ಯಿಸಿಹಾಕಬೇಕೆಂದು ನಾನು ಚೌಕಟ್ಟಿನ ಪಕ್ಕದಿಂದ ಒಳಗೆ ನುಗ್ಗಿದೆ. ಮನೆ ಕಟ್ಟುತ್ತಿರುವ ಗೌಂಡಿ ಯಂಕಪ್ಪ ಅಡ್ಡ ಬಂದ.

“ಸಾಹೇಬ್ರ, ಗ್ವಾಡಿ ಒಡದು ಕಳ್ಳರು ಬರ್ತಾರ್ರೀ. ನೀವು ಬಾಗಲದಾಗಿಂದ ಬರ್ರಿ.”

“ಗೋಡೆ ಎಲ್ಲಿದೆಯಪ್ಪ?”

“ನಕ್ಷೆದಾಗ ನೀವೇ ಬರದೀರಲ್ರೀ!”

ತುಂಗಾಬಾಯಿ ಸೆರಗು ಬಾಯಿಗಿಟ್ಟು ನಕ್ಕರು. ನಾನು ಹಿಂದಕ್ಕೆ ಹೋಗಿ, ಬೂಟು ಕಳಚಿ, ಬಲಗಾಲಿಟ್ಟು ಹೊಸ್ತಿಲು ದಾಟಿದೆ. ಅಷ್ಟು ಮರ್ಯಾದೆಯಿಂದ ದಾಟಿದ ಮೇಲೆ ಅದನ್ನು ಕೊಯ್ಯಿರಿ ಎನ್ನುವುದು ಹೇಗೆ? ನಕ್ಷೆಯನ್ನೇ ತಿದ್ದಿದೆ.

ವಾಪಸು ಬರುವಾಗ ಅದನ್ನೇ ಎಡವಿ ಹೆಬ್ಬೆರಳು ಊದಿದೆ, ಚಿಂತಿಸಬೇಡ. ನಿಮ್ಮ ಮನೆಯ ಹೊಸ್ತಿಲು ಕೀಳಿಸಿದ್ದಕ್ಕೆ ಭಾವ ಇನ್ನೂ ನನ್ನೊಡನೆ ಮಾತಾಡುತ್ತಿಲ್ಲವಲ್ಲ, ಅವರಿಗೆ ಈ ಕಾರ್ಡು ತೋರಿಸಬೇಡ. ಆದರೆ ಪೋಸ್ಟ್‌ಮ್ಯಾನೇ ಓದಿ ಅವರಿಗೆ ಹೇಳಿಬಿಟ್ಟರೆ ನನಗೂ ಸ್ವಲ್ಪ ಹಗುರ.

ನಿನ್ನ ತಮ್ಮ,
ಶ್ರೀಕಂಠ