ರಾತ್ರಿಯೂಟ ಬಿಟ್ಟವರು

ಪಯ್ಯಂಪಳ್ಳಿ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ಮೇಘನಾಳ ನಮಸ್ಕಾರ. ನಿನ್ನ ಮಂಡಿನೋವು ಹೇಗಿದೆ? ಬೆಳಗೊಳದ ಬೆಟ್ಟವನ್ನು ದಿನಾ ಹತ್ತಬೇಡ ಎಂದು ಹೇಳಿ ಕಳಿಸಿದ್ದೆ. ನೀನು ಕೇಳಿರುವುದಿಲ್ಲ, ಅದು ನನಗೆ ಗೊತ್ತು. ಚಾತುರ್ಮಾಸ ಮುಗಿಯುವವರೆಗೆ ಒಂದೇ ಹೊತ್ತು ಊಟ ಎಂದು ಮಗನಿಗಾಗಿ ನೇಮ ಹಿಡಿದಿದ್ದೀಯ, ಸರಿ. ಜೊತೆಗೆ ಫೋನನ್ನೂ ಬಿಟ್ಟೆಯಲ್ಲ, ಅದರ ಪುಣ್ಯ ನಿನಗೆ, ಕರ್ಮ ನನಗೆ. ಅಕ್ಷಯ ಕೇಂದ್ರದಲ್ಲಿ ಇಡೀ ದಿನ ಊರವರ ಅರ್ಜಿಗಳನ್ನು ಕಂಪ್ಯೂಟರಿಗೆ ತುಂಬುವವಳು ನಾನು. ಕೈಯಲ್ಲಿ ಇಷ್ಟುದ್ದ ಬರೆದು ಎಷ್ಟೋ ವರ್ಷವಾಯಿತು, ಅಕ್ಷರ ನೋಡಿ ನಗಬೇಡ.

ಅಪ್ಪ ಗಟ್ಟಿಯಾಗಿದ್ದಾರೆ ಎಂದು ಬರೆಯಬೇಕು, ಬರೆದಿದ್ದೇನೆ. ನಿಜ ಏನೆಂದರೆ ಮೆಣಸಿನ ಬಳ್ಳಿ ನೋಡಿ ಬರುತ್ತೇನೆ ಎಂದು ಹೊರಟು ಪಂಪ್‌ಸೆಟ್ಟಿನ ಕಟ್ಟೆಯ ಮೇಲೆ ಸುಮ್ಮನೆ ಕೂತು ಬರುತ್ತಾರೆ. ದಶಲಕ್ಷಣ ಪರ್ವಕ್ಕೆ ಬಸದಿಗೆ ನಾವಿಬ್ಬರೇ ಹೋಗಿದ್ದೆವು. ಎಲ್ಲರೂ ನಿನ್ನನ್ನು ಕೇಳಿದರು, ಶ್ರೇಯಾಂಸನನ್ನು ಯಾರೂ ಕೇಳಲಿಲ್ಲ. ಮೊದಮೊದಲು ಅವರು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಕೇಳದಿದ್ದರೆ ಬರುತ್ತದೆ.

ಇನ್ನು ಶ್ರೇಯಾಂಸ್. ನೀನು ಜುಲೈಯಲ್ಲಿ ಹೊರಟಾಗ ಅವನು ಗೋಡೆ ಹಿಡಿಯದೆ ನಡೆಯುತ್ತಿದ್ದ. ಈಗ ಅದು ಬೆಳಗಿನ ಮಾತು ಮಾತ್ರ. ಬೆಳಿಗ್ಗೆ ಏಳಕ್ಕೆ ನಿನ್ನ ಮಗ ನಿನ್ನ ಮಗನೇ: ಓಡಿಸಲಾಗದ ಜೀಪನ್ನು ಒರೆಸುತ್ತಾನೆ, ನನ್ನ ಮದುವೆಯ ವಿಷಯ ಎತ್ತಿ ರೇಗಿಸುತ್ತಾನೆ, ಮೂರು ದೋಸೆ ತಿನ್ನುತ್ತಾನೆ. ಮಧ್ಯಾಹ್ನ ಕಳೆದ ಮೇಲೆ ಕಣ್ಣಿನ ರೆಪ್ಪೆ ಇಳಿಯುತ್ತದೆ. ಮಾತು ಮೂಗಿಗೆ ಹೋಗುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. ನಾಲ್ಕು ಗಂಟೆಯ ನಂತರ ಕುಡಿದ ನೀರು ಮೂಗಿನಿಂದ ಬರುತ್ತದೆ. ಹೋದ ವಾರ ಗಂಜಿ ನೆತ್ತಿಗೆ ಹತ್ತಿ ತುಟಿ ನೀಲಿಯಾಯಿತು. ಅಪ್ಪ ಬೆನ್ನು ತಟ್ಟಿದರು, ನಾನು ಅವನ ತಲೆ ಹಿಡಿದುಕೊಂಡಿದ್ದೆ. ಉಸಿರು ಬಂತು. ಇದನ್ನು ನಿನಗೆ ತಿಳಿಸಬಾರದು ಎಂದುಕೊಂಡಿದ್ದೆ, ಆದರೆ ನಾನು ಮುಚ್ಚಿಟ್ಟದ್ದು ಈಗಾಗಲೇ ಬೇಕಾದಷ್ಟಿದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅವನು ರಾತ್ರಿಯೂಟ ಬಿಟ್ಟದ್ದು ನಿನಗೆ ನೆನಪಿದ್ದೇ ಇರುತ್ತದೆ. ಮೀಸೆ ಮೂಡಿದಾಗಿನಿಂದ ಕುಂಞಿರಾಮನ್ ಅಂಗಡಿಯಲ್ಲಿ ಒಂಬತ್ತು ಗಂಟೆಗೆ ಪೊರೋಟ ತಿಂದು, ಏನೂ ಗೊತ್ತಿಲ್ಲದವನಂತೆ ಮನೆಗೆ ಬರುತ್ತಿದ್ದ ಹುಡುಗ. ಸೂರ್ಯ ಮುಳುಗಿದ ಮೇಲೆ ತಿನ್ನುವುದು ಜೈನರಿಗೆ ಹೇಳಿದ್ದಲ್ಲ ಎಂದು ನೀನು ಬೈದೂ ಬೈದೂ ಸೋತಿದ್ದೆ. ಅಂಥವನು ತಾನಾಗಿಯೇ ಬಂದು, ಇನ್ನು ಮೇಲೆ ರಾತ್ರಿ ಊಟ ಬೇಡ ಎಂದ. ಅವತ್ತು ನಿನ್ನ ಕಾಲು ನೆಲದ ಮೇಲೆ ಇರಲಿಲ್ಲ. ಪಾಯಸ ಮಾಡಿದೆ, ಬಸದಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. ಜಗಲಿಯಲ್ಲಿ ಧರಣೇಂದ್ರ ಮಾವನ ಪಟದ ಮುಂದೆ ನಿಂತು, ನನ್ನ ಅಣ್ಣನ ಗುಣ ಇವನಿಗೆ ಬಂತು ಎಂದು ಕಣ್ಣೊರೆಸಿಕೊಂಡೆ. ನಾವು ಕಾಣದ ಮಾವ, ಮೂವತ್ತೊಂದಕ್ಕೇ ಹೋದವರು. ಮೊದಲು ರಾತ್ರಿಯೂಟ ಬಿಟ್ಟರು, ಆಮೇಲೆ ಮಾತು ಬಿಟ್ಟರು, ಅನ್ನ ಬಿಟ್ಟರು, ಕೊನೆಗೆ ಗಂಜಿಯನ್ನೂ ಬಿಟ್ಟು ಶಾಂತವಾಗಿ ಹೋದರು, ಊರೆಲ್ಲ ಬಂದು ಕೈಮುಗಿಯಿತು. ಈ ಕಥೆ ಕೇಳಿಯೇ ನಾವಿಬ್ಬರೂ ದೊಡ್ಡವರಾದದ್ದು. ಶ್ರೇಯಾಂಸ್ ಸಂಜೆ ಹೊತ್ತು ಮಾತು ಕಡಿಮೆ ಮಾಡಿದಾಗ ಅದನ್ನೂ ನೀನು ಮೌನವ್ರತ ಎಂದೆ.

ಅಮ್ಮಾ, ಅದು ವ್ರತವಾಗಿರಲಿಲ್ಲ. ಫೆಬ್ರವರಿಯಲ್ಲಿ ಅವನು ಕುಟ್ಟದಿಂದ ಬರುವಾಗ ಬೇಗೂರಿನ ಕಾಡುದಾರಿಯಲ್ಲಿ ಮುಸ್ಸಂಜೆಗೆ ಜೀಪ್ ನಿಲ್ಲಿಸಿ, ಹಿಂದಿನಿಂದ ಬಂದ ಬಸ್ಸಿಗೆ ಕೈ ಮಾಡಿ ಮನೆ ಸೇರಿದ್ದ. ನಮಗೆಲ್ಲ ಇಂಜಿನ್ ಕೆಟ್ಟಿತು ಎಂದ. ಮರುದಿನ ನನ್ನೊಬ್ಬಳ ಹತ್ತಿರ ಹೇಳಿದ: "ಅಕ್ಕಾ, ರೋಡ್ ಎರಡಾಗಿ ಕಾಣ್ತದೆ. ಯಾವುದು ನಿಜವಾದ್ದು ಅಂತ ಗೊತ್ತಾಗುದಿಲ್ಲ." ಆಮೇಲೆ ಉಳಿದದ್ದೂ ಹೊರಬಿತ್ತು. ರಾತ್ರಿ ಹೊತ್ತು ದವಡೆ ಸೋತು ಹೋಗುತ್ತದೆ, ತುತ್ತು ಗಂಟಲಲ್ಲಿ ನಿಲ್ಲುತ್ತದೆ, ಕುಂಞಿರಾಮನ್ ಅಂಗಡಿಯಲ್ಲಿ ಎಲ್ಲರೆದುರು ಉಸಿರು ಕಟ್ಟಿ ನಾಚಿಕೆಯಾಗಿತ್ತು. ಊಟ ಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ ಎಂದು ಬಿಟ್ಟಿದ್ದ. ನಿನಗೆ ಹೇಳುತ್ತೇನೆ ಎಂದು ಎದ್ದಾಗ ನನ್ನ ಕೈ ಹಿಡಿದುಕೊಂಡ: "ಅಮ್ಮನ ಹತ್ರ ಹೇಳ್ಬೇಡ ಅಕ್ಕಾ. ಹುಟ್ಟಿದ ಮೇಲೆ ಇದೊಂದಕ್ಕೇ ಅವಳು ನನ್ನ ನೋಡಿ ಖುಷಿ ಪಟ್ಟದ್ದು."

ನಾನು ಹೇಳಲಿಲ್ಲ. ಕಾಯಿಲೆ ಮನೆಯವರಿಗೆಲ್ಲ ಗೊತ್ತಾಗಿ ಮೈಸೂರಿಗೆ ಓಡಾಡಿದಾಗಲೂ ಹೇಳಲಿಲ್ಲ. ಡಾಕ್ಟರು ಊಟ ಹೇಗೆ ಎಂದು ಕೇಳಿದಾಗ ನೀನು, ಹಗಲು ಚೆನ್ನಾಗಿ ಉಣ್ಣುತ್ತಾನೆ, ರಾತ್ರಿ ವ್ರತ ಎಂದೆ. ಅವನು ತಲೆ ತಗ್ಗಿಸಿದ, ನಾನು ಬಾಯಿಗೆ ಬೀಗ ಹಾಕಿ ಕೂತಿದ್ದೆ. ಅದಲ್ಲದೆ ನಾವು ಹೋದ ನಾಲ್ಕು ಸಲವೂ ಮೊದಲ ಬಸ್ಸು, ಹತ್ತು ಗಂಟೆಗೆ ಓಪಿಯಲ್ಲಿ ಡಾಕ್ಟರು, ಬಾವಲಿಯ ಕಾಡಿನ ಗೇಟು ಆರಕ್ಕೆ ಮುಚ್ಚುತ್ತದೆ ಎಂದು ಎದ್ದುಬಿದ್ದು ವಾಪಸು. ಯಾವ ಡಾಕ್ಟರೂ ಅವನನ್ನು ಸಂಜೆ ನೋಡಲೇ ಇಲ್ಲ. ಬೆಳಗಿನ ಶ್ರೇಯಾಂಸನಲ್ಲಿ ಏನು ಕಾಣುತ್ತದೆ? ತಲೆಯ ಸ್ಕ್ಯಾನ್ ಸರಿ, ರಕ್ತ ಸರಿ. ಕೊನೆಗೆ ಒಬ್ಬರು ಇದು ಮನಸ್ಸಿನದು ಎಂದು ಬರೆದುಕೊಟ್ಟರು. ಅವತ್ತು ಬಸ್ಸಿನಲ್ಲಿ ಅವನು, ಇರಬಹುದು ಎಂದ. ಆ ಮಾತು ಕೇಳಿ ನನಗಾದ ಸಂಕಟ ಇನ್ನೂ ಹೋಗಿಲ್ಲ.

ಈಗ ಹೊಸ ಸುದ್ದಿ. ಮಂಗಳವಾರ ಅಪ್ಪನೂ ನಾನೂ ಅವನನ್ನು ಕೋಝಿಕ್ಕೋಡಿಗೆ ಕರೆದುಕೊಂಡು ಹೋದೆವು. ಘಾಟಿಯ ಏಳನೇ ತಿರುವಿನಲ್ಲಿ ಲಾರಿ ಅಡ್ಡ ನಿಂತು ಐದು ಗಂಟೆ ಕೂತಲ್ಲೇ ಕೂತೆವು. ಆಸ್ಪತ್ರೆ ಮುಟ್ಟುವಾಗ ಓಪಿ ಮುಗಿದು ಯಾವ ಕಾಲವಾಗಿತ್ತೋ. ಅನಘ ಎನ್ನುವ ನರರೋಗದ ಡಾಕ್ಟರು ಹೆಗಲಿಗೆ ಚೀಲ ಹಾಕಿ ಮನೆಗೆ ಹೊರಟಿದ್ದರು. ಯಾರ ಹತ್ತಿರವೂ ಒಂದು ಲೋಟ ನೀರನ್ನೂ ಕೇಳದ ನಮ್ಮಪ್ಪ ಅವರ ದಾರಿಗೆ ಅಡ್ಡ ನಿಂತು ಕೈಮುಗಿದರು. ಆಕೆ ಶ್ರೇಯಾಂಸನ ಮುಖ ನೋಡಿದರು, ಚೀಲ ಕೆಳಗಿಟ್ಟರು. ಮೇಲೆ ಫ್ಯಾನಿನ ಕಡೆ ನೋಡುತ್ತಿರು ಎಂದರು. ನಿಮಿಷದೊಳಗೆ ರೆಪ್ಪೆಗಳೆರಡೂ ಬಿದ್ದವು. ಒಂದರಿಂದ ಐವತ್ತರವರೆಗೆ ಎಣಿಸು ಎಂದರು. ಇಪ್ಪತ್ತಮೂರಕ್ಕೆ ಸ್ವರ ನಿಂತಿತು. ಬೆಳಿಗ್ಗೆ ಬಂದಿದ್ದರೆ ನಾನೂ ಏನೂ ಇಲ್ಲವೆಂದು ಕಳಿಸುತ್ತಿದ್ದೆ ಎಂದು ಅವರೇ ಒಪ್ಪಿಕೊಂಡರು. ಆಗ ನಾನು ರಾತ್ರಿಯೂಟದ ಸಂಗತಿ ಪೂರ್ತಿ ಹೇಳಿದೆ. ಶ್ರೇಯಾಂಸ್ ನನ್ನನ್ನು ತಡೆಯಲಿಲ್ಲ. ಲಾರಿ ಕೆಟ್ಟು ನಿಂತದ್ದಕ್ಕೆ ದೇವರಿಗೆ ಕೈಮುಗಿದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಕಾಯಿಲೆಗೆ ಇನ್ನೂ ಹೆಸರಿಲ್ಲ. ನರ ಹೇಳಿದ್ದು ಸ್ನಾಯುವಿಗೆ ಮುಟ್ಟುತ್ತಿಲ್ಲ, ಮುಟ್ಟಿದರೂ ಬೇಗ ಸೋಲುತ್ತದೆ ಎಂದರು. ಇಂಥವು ಹಲವು ಇವೆಯಂತೆ. ಸಾಮಾನ್ಯವಾಗಿ ಬರುವುದರ ಪರೀಕ್ಷೆ ಮಾಡಿದರು, ಅದರಲ್ಲಿ ಸಿಗಲಿಲ್ಲ. ವಂಶದಲ್ಲಿ ಬಂದದ್ದಾಗಿದ್ದರೆ ಹುಡುಕುವ ದಾರಿಯೇ ಬೇರೆ, ಔಷಧವೂ ಬೇರೆ. ತಪ್ಪಾದ ಔಷಧ ಕೊಟ್ಟರೆ ಉಸಿರಿಗೇ ಕುತ್ತು. ಹೀಗೇ ಬಿಟ್ಟರೂ ಉಸಿರಿಗೇ ಬರುತ್ತದೆ. ಹಾಗಾಗಿ ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ ಎಂದು ಎರಡೆರಡು ಸಲ ಕೇಳಿದರು. ಅಪ್ಪ ತಮ್ಮ ಕಡೆ ಇಲ್ಲ, ನಿನ್ನ ಕಡೆಯೂ ಇಲ್ಲ ಎಂದರು. ನಾನೂ ತಲೆಯಾಡಿಸಿದೆ. ಇದೇ ತಿಂಗಳು ಇಪ್ಪತ್ತಮೂರಕ್ಕೆ ಮತ್ತೆ ಬರಬೇಕು, ಅವತ್ತು ಔಷಧ ತೀರ್ಮಾನ ಮಾಡುತ್ತಾರೆ.

ನನ್ನ ಮೇಲೆ ನಿನಗೆ ಸಿಟ್ಟು ಬಂದರೆ ಬರಲಿ. ಅವನ ಮೇಲೆ ಮಾತ್ರ ಬೇಡ. ನಿನಗೆ ಮೋಸ ಮಾಡಬೇಕೆಂದು ಅವನು ಮಾಡಿದ್ದಲ್ಲ. ಒಂದು ಹೊತ್ತಿನ ಊಟವನ್ನಾದರೂ ಹೊಟ್ಟೆ ತುಂಬ ಮಾಡು. ನೀನೂ ಮಲಗಿದರೆ ನನ್ನ ಕೈಯಲ್ಲಿ ಆಗುವುದಿಲ್ಲ. ಅಪ್ಪ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು. ಕುಂಞಿರಾಮನ್ ಕೂಡ ಕೇಳಿದರು, ಅವರ ಮೇಲೆ ನಿನಗಿದ್ದ ಕೋಪ ಇನ್ನು ಬಿಡು. ಶ್ರೇಯಾಂಸನ ನಮಸ್ಕಾರ, ಬೆಳಿಗ್ಗೆಯೇ ಹೇಳಿಟ್ಟಿದ್ದಾನೆ.

ನಿನ್ನ ಆಶೀರ್ವಾದ ಬೇಡುವ ಮಗಳು,
ಮೇಘನಾ

ಮರೆತ ಮಾತು: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಈಗ ಸಂಜೆ ಆರು. ಶ್ರೇಯಾಂಸ್ ಜಗಲಿಯ ಬೆಂಚಿನಲ್ಲಿ, ಮಾವನ ಪಟದ ಕೆಳಗೆ ಕೂತಿದ್ದಾನೆ. ಬಿದ್ದ ರೆಪ್ಪೆಯ ಕೆಳಗಿನಿಂದ ನನ್ನನ್ನು ನೋಡಬೇಕಾದರೆ ಗದ್ದ ಮೇಲೆತ್ತಿ ತಲೆ ಹಿಂದೆ ಹಾಕಬೇಕು, ಹಾಗೆ ಹಾಕಿದ್ದಾನೆ. ಪಟದಲ್ಲಿ ಮಾವನ ಗದ್ದವೂ ಹಾಗೇ ಎತ್ತಿದೆ, ಕಣ್ಣು ಹಾಗೇ ಅರೆ ಮುಚ್ಚಿದೆ. ನಾವದನ್ನು ಧ್ಯಾನದ ಕಣ್ಣು ಎನ್ನುತ್ತಿದ್ದೆವು. ಅಮ್ಮಾ, ಆಗ ನಿನಗೆ ಹದಿನಾಲ್ಕು ವರ್ಷ, ಅವರಿಗೆ ಗಂಜಿ ಕೊಡುತ್ತಿದ್ದವಳು ನೀನೇ, ಅದನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವಳೂ ನೀನೊಬ್ಬಳೇ. ಅವರು ಬೇಡವೆಂದು ಬಿಟ್ಟರೋ, ನುಂಗಲಾಗದೆ ಬಿಟ್ಟರೋ? ಗಂಜಿ ಮೂಗಿನಿಂದ ಬರುತ್ತಿತ್ತಾ? ಅಷ್ಟು ಮಾತ್ರ ಬರೆ, ಇಪ್ಪತ್ತಮೂರರೊಳಗೆ ಸಿಗುವಂತೆ ಬರೆ. ಮಾವನ ಪಟವನ್ನು ನಾನು ಇಳಿಸುವುದಿಲ್ಲ, ಹೂವನ್ನೂ ತಪ್ಪಿಸುವುದಿಲ್ಲ. ಆದರೆ ಈಗ ಗಂಜಿಯ ಬಟ್ಟಲು ನನ್ನ ಕೈಯಲ್ಲಿದೆ.